ಸದ್ದಿಲ್ಲದ ದಾರಿಗಳ ನ್ಯಾಯಾಧೀಶ
ಗವಾರಸ್ ಗುಡ್ಡಗಳ ಜಲ್ಲಿದಾರಿಗಳಲ್ಲಿ ಯಾವುದು ನಿಶ್ಶಬ್ದ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಏಕೈಕ ನ್ಯಾಯಪೀಠವೆಂದರೆ ನಮ್ಮ ಸೈಕಲ್ ಸವಾರರ ಸಂಘದ ಫೆರ್ರಿಯೋಲ್ ಅಜ್ಜನ ಸೈಕಲ್ ಸೀಟು. ಟೊಮೆಟೊ ಉಜ್ಜಿದ ಬ್ರೆಡ್ಡನ್ನು ಜೇಬಿಗಿಳಿಸಿ ಭಾನುವಾರ ಬೆಳಿಗ್ಗೆ ಆತ ದಂಡಯಾತ್ರೆ ಹೊರಟರೆ, ಏದುಸಿರು ಬಿಡುವ ಆರು ಮಂದಿಯ ಸೇನೆ ನಾವು. ಪ್ರತಿ ಏರಿನ ತುದಿಯಲ್ಲೂ ಇಳಿದು, ಹೆಲ್ಮೆಟ್ ತೆಗೆದು, ಓಕ್ ಮರದಡಿ ಕಿವಿಗೊಟ್ಟು ನಿಲ್ಲುತ್ತಾನೆ. ಕಣಿವೆಯಾಚೆ ಒಂದು ಬೈಕು ಕೆಮ್ಮಿದರೂ, "ನಡೀರೋ, ಇದು ದಾರಿಯಲ್ಲ, ಸಂತೆ!" ಎಂದು ನಕ್ಷೆಯಲ್ಲಿ ಗೀಟು ಎಳೆದುಬಿಡುತ್ತಾನೆ. ಆಲಿವ್ ತೋಟದವರ ರೇಡಿಯೊ ಹಾಡಿತೆಂಬ ಅಪರಾಧಕ್ಕೆ ಒಂದಿಡೀ ಗುಡ್ಡವೇ ಬಹಿಷ್ಕಾರ ಅನುಭವಿಸುತ್ತಿದೆ. "ಅಜ್ಜಾ, ಅದಕ್ಕಿಂತ ನಿನ್ನ ಮೊಣಕಾಲೇ ಜೋರಾಗಿ ಕಿರುಗುಟ್ಟುತ್ತೆ" ಎಂದು ಬೇಕರಿಯ ರೊಸೆರ್ ಕೆಣಕಿದರೆ, "ಅದು ಸಂಗೀತ ಕಣೇ" ಅನ್ನುತ್ತಾನೆ. ಇಂಥವನು ಈ ವಸಂತದಲ್ಲಿ ಇದ್ದಕ್ಕಿದ್ದಂತೆ ಉದಾರಿಯಾದ. ಹೋದ ದಾರಿಯೆಲ್ಲ ಪಾಸು. ಕಲ್ಲುಗಣಿಯ ಹತ್ತಿರ, ತಿರುವಿನಾಚೆ ಲಾರಿಗಳು ಗುಡುಗುತ್ತಿರುವಾಗ, ಕಣ್ಣು ಮುಚ್ಚಿ ನಿಂತು, "ಆಹಾ, ಇಷ್ಟು ಶಾಂತವಾದ ದಾರಿ ನಾನು ಕಂಡೇ ಇಲ್ಲ" ಎಂದ. ನಾವು ಮುಖ ಮುಖ ನೋಡಿಕೊಂಡೆವು. ನಿನಗೆ ಕಿವಿ ಕೇಳುತ್ತಿಲ್ಲ ಎಂದು ನಾವು ಹೇಳಿದರೆ ಅಂದೇ ಸೈಕಲ್ಲನ್ನು ಗೋಡೆಗೆ ನೇತುಹಾಕಿ ಮನೆಯಲ್ಲಿ ಕೂರುವ ಮನುಷ್ಯ. ಅದಕ್ಕೇ ಈಗ ಹಿಂದಿನಿಂದ ಲಾರಿ ಬಂದರೆ ನಾವು ರಸ್ತೆಗೆ ಅಡ್ಡಲಾಗಿ, ಅಜ್ಜನ ಬೆನ್ನಿಗೆ ಒತ್ತಿಕೊಂಡೇ ಸಾಗುತ್ತೇವೆ. ಚಾಲಕ ಹಾರನ್ ಒತ್ತಿ ಒತ್ತಿ ನಮ್ಮ ವಂಶವನ್ನೇ ಬೈಯುತ್ತಾನೆ. ಅಜ್ಜನೂ ತಿರುಗಿ ನೋಡದೆ ನಮ್ಮನ್ನೇ ಬೈಯುತ್ತಾನೆ: "ಇಡೀ ದಾರಿ ಖಾಲಿ ಬಿದ್ದಿದೆ, ನನ್ನ ಮೈಮೇಲೇ ಯಾಕ್ರಪ್ಪಾ ಬೀಳ್ತೀರಿ!"