ಏಳನೇ ನಂಬರಿಗೆ ಬಾರದ ಚೀಟಿ

ಸಾವ್ಕಾರರು ತಗಡಿನ ಡಬ್ಬಿಯನ್ನು ಬೋರಲು ಹಾಕಿ ತಳಕ್ಕೆ ಮೂರು ಸಲ ತಟ್ಟಿದರು. ಏನೂ ಬೀಳಲಿಲ್ಲ. ಪೀಟಿ ಸರ್ ಡಬ್ಬಿ ಇಸಿದುಕೊಂಡು ಒಳಗೆ ಕೈ ಹಾಕಿ ತಡಕಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಆ ಸೌಟು ಯಾಕೆ ತಂದಿದ್ದೆ ಅನ್ನುವುದೇ ಮರೆತುಹೋಯಿತು.

ಮೊದಲಿನಿಂದ ಹೇಳುತ್ತೇನೆ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ನನ್ನ ಖಾನಾವಳಿ ಇದೆ. ರೊಟ್ಟಿ, ಎರಡು ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ನಮ್ಮೂರಿನ ಕಬಡ್ಡಿ ತಂಡದ ಹುಡುಗರು ಉಣ್ಣುವುದು ಇಲ್ಲೇ, ತಂಡದ ಅಭಿಮಾನಿಗಳು ಜಗಳಾಡುವುದೂ ಇಲ್ಲೇ. ಜಗಳಾಡಿದರೆ ಹಸಿವು ಜಾಸ್ತಿಯಾಗುತ್ತದೆ, ಹಾಗಾಗಿ ನಾನು ಯಾವತ್ತೂ ಬಿಡಿಸಲು ಹೋದವಳಲ್ಲ.

ಮೊದಲೆಲ್ಲ ನಮ್ಮ ಆಟಗಾರರಿಗೆ ಸಂಬಳ ಅನ್ನುವುದೇ ಇರಲಿಲ್ಲ. ಗೆದ್ದರೆ ಕಪ್ಪು, ಸೋತರೂ ಊಟ. ಕಳೆದ ವರ್ಷ ರಾಣೆಬೆನ್ನೂರಿನ ತಂಡದವರು ಬೀಜದ ಅಂಗಡಿಯ ಒಬ್ಬರನ್ನು ಹಿಡಿದು, ಸೀಜನ್ನಿಗೆ ಇಷ್ಟು ಅಂತ ಆಟಗಾರರಿಗೆ ರೊಕ್ಕ ಕೊಡಲು ಶುರು ಮಾಡಿದರು. ಹಾವೇರಿಯವರೂ ಸುಮ್ಮನಿರಲಿಲ್ಲ. ಒಂದೇ ತಿಂಗಳಲ್ಲಿ ನಮ್ಮ ಏಳೂ ಜನರಿಗೆ ಫೋನು ಬರತೊಡಗಿತು. ಉಳಿಸಿಕೊಳ್ಳಬೇಕಾದರೆ ನಾವೂ ಕೊಡಬೇಕು. ಏಳೂ ಜನರಿಗೆ ಒಂದೇ ಸಮ ಕೊಡುವ ತಾಕತ್ತು ನಮಗಿಲ್ಲ. ಹಾಗಾದರೆ ಯಾರಿಗೆ?

ಒಂದು ವಾರ ನನ್ನ ಖಾನಾವಳಿಯಲ್ಲಿ ಬೇರೆ ಮಾತೇ ಇರಲಿಲ್ಲ.

“ಆ ಕಡ್ಡಿನ್ನ ಬಿಡಬಾರ್ದರೀ,” ಎಂದರು ಪೀಟಿ ಸರ್. ಅವರು ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು. ಕಡ್ಡಿ ಅಂದರೆ ನಮ್ಮ ಮೂರನೇ ನಂಬರಿನ ರೈಡರ್. ಮೆಣಸಿನಕಾಯಿಯಲ್ಲಿ ಉದ್ದಗೆ, ತೆಳ್ಳಗೆ ಇರುವುದನ್ನು ಕಡ್ಡಿ ಅನ್ನುತ್ತೇವಲ್ಲ, ಅವನೂ ಹಾಗೇ ಇದ್ದಾನೆ.

“ಅಂವ ಒಂದು ರೈಡ್ ಹೋಗಿಬರೂದ್ರಾಗ ಮೂರು ಸಲ ಕೂದಲಾ ಹಿಕ್ಕೋತಾನ,” ಎಂದ ಆಟೋದವನು. “ಅಂವಂಗ ರೊಕ್ಕ ಯಾಕ ಕೊಡ್ತೀರಿ? ಒಂದು ಬಾಚಣಿಕಿ ಕೊಡ್ರಿ, ಸಾಕು.”

“ನಿಮ್ಮ ಅಕ್ಕನ ಮಗ ಏನ್ ಮಾಡ್ತಾನಪಾ?” ಎಂದರು ಪೀಟಿ ಸರ್. ಆ ಹುಡುಗನೂ ತಂಡದಲ್ಲಿದ್ದಾನೆ. “ಹೋದ ಸಲ ಅಂಕಣದ ಒಳಗ ಇದ್ದಿದ್ದಕ್ಕಿಂತ ಹೊರಗ ಕುಂತಿದ್ದ ಜಾಸ್ತಿ.”

“ಅಂವಂದು ಕಾಲು ಉಳುಕಿತ್ತರೀ ಸರ್.”

“ಕಾಲು ಉಳುಕಿದ್ದು ಹೊರಗ ಕುಂತ ಮ್ಯಾಲೆ. ನಾ ನೋಡೇನಿ.”

ಈ ಜಗಳದ ನಡುವೆ ಯಾರಾದರೂ ಕಾಕಾನ ಹೆಸರು ತೆಗೆದರೆ ಎಲ್ಲರದೂ ಒಂದೇ ಉತ್ತರ. “ಕಾಕಾನ ಮಾತು ಬಿಡ್ರಿ, ಅದೇನು ಕೇಳೂದು. ಉಳಿದವರ ಮಾತಾಡ್ರಿ.”

ಕಾಕಾ ನಮ್ಮ ಕಾರ್ನರ್, ಅಂಕಣದ ಮೂಲೆ ಕಾಯುವವನು. ಮಾರುಕಟ್ಟೆಯಲ್ಲಿ ಹಮಾಲ. ವಯಸ್ಸು ನಲವತ್ತಕ್ಕೆ ಒಂದು ಕಡಿಮೆ, ಹಾಗಾಗಿ ತಂಡದವರಿಗೆಲ್ಲ ಕಾಕಾ. ನನಗೆ ಮಾತ್ರ ತಮ್ಮ. ದಿನವಿಡೀ ಚೀಲದ ಕಿವಿ ಹಿಡಿದು ಎತ್ತುವ ಬೆರಳು ಅವು. ಎದುರಿನ ರೈಡರನ ಕಾಲಿನ ಹರಡಿಗೆ, ಪಾದದ ಕೀಲಿಗೆ, ಬಿದ್ದರೆ ಬಿಡುವ ಮಾತಿಲ್ಲ. ಹದಿಮೂರು ವರ್ಷದಿಂದ ನಮಗೆ ಆಡಿದ್ದಾನೆ. ಯಾರಿಂದಲೂ ಏನೂ ಕೇಳಿದವನಲ್ಲ. ನಾನು ಫೋನಿನಲ್ಲಿ ಏಳೂ ಜನರ ಫೋಟೋ ಹಾಕಿ ‘ಯಾರನ್ನು ಉಳಿಸಿಕೊಳ್ಳಬೇಕು, ನೀವೇ ಹೇಳಿ’ ಎಂದು ಬರೆದಾಗಲೂ ಅವನ ಬಗ್ಗೆ ಅದೇ ಉತ್ತರ. ನನ್ನ ಯಾವ ಪಲ್ಯದ ಫೋಟೋಕ್ಕೂ ಅಷ್ಟು ಕಾಮೆಂಟು ಬಂದಿರಲಿಲ್ಲ. ಅರ್ಧದಷ್ಟು ಜನ ಬರೆದದ್ದು ಒಂದೇ: ಕಾಕಾನನ್ನು ಈ ಪಟ್ಟಿಯಲ್ಲಿ ಯಾಕೆ ಹಾಕಿದ್ದೀರಿ, ಅವನು ಹೇಗೂ ಇರುತ್ತಾನೆ.

ಜಗಳ ಮುಗಿಸಲು ದಾರಿ ಹುಡುಕಿದವರು ಸಾವ್ಕಾರರು. ಅವರದು ದಲಾಲಿ ಅಂಗಡಿ. ಮಾರುಕಟ್ಟೆಯಲ್ಲಿ ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲಿ. ಹಿಂದೆ ಹಾಗಿರಲಿಲ್ಲ. ರೈತನ ಮಾಲಿಗೆ ಒಂದು ಲಾಟ್ ನಂಬರು ಕೊಡುವುದು, ಖರೀದಿದಾರರು ಕಾಯಿ ಮುರಿದು ಮೂಸಿ ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಡಬ್ಬಿಗೆ ಹಾಕುವುದು. ಡಬ್ಬಿ ತೆರೆದಾಗಲೇ ಯಾರು ಏನು ಬರೆದಿದ್ದಾರೆ ಅನ್ನುವುದು ಗೊತ್ತಾಗಬೇಕು. ಸಾವ್ಕಾರರ ಅಂಗಡಿಯ ಅಟ್ಟದ ಮೇಲೆ ಆ ಹಳೆಯ ಡಬ್ಬಿ ಇನ್ನೂ ಇತ್ತು.

“ಏಳು ಮಂದಿ, ಏಳು ಲಾಟು,” ಎಂದರು ಅವರು. “ನಾವು ಹನ್ನೆರಡು ಮಂದಿ ಇದ್ದೀವಿ. ಒಬ್ಬೊಬ್ಬರು ಒಂದ ಚೀಟಿ. ಒಂದ ನಂಬರು ಬರೀರಿ, ಅಂವಂಗ ನಾ ಇಷ್ಟು ಕೊಡ್ತೀನಿ ಅಂತ ಬರೀರಿ. ಚೀಟಿ ಬಂದವ ನಮ್ಮಂವ. ಬರಲಿಲ್ಲಂದ್ರ ಅಂವ ಎಲ್ಲಿ ಬೇಕಾದ್ರೂ ಹೋಗ್ಲಿ, ನಾವು ಸಿಟ್ಟಾಗಬಾರ್ದು.”

“ರೊಕ್ಕ ಇಲ್ಲದವರು ಏನ್ ಬರೀಬೇಕರೀ?” ಎಂದು ನಾನು ಕೇಳಿದೆ.

“ಊಟ ಬರೀ, ಅಕ್ಕಾ. ನಿನ್ನ ಊಟಕ್ಕ ಬೆಲೆ ಇಲ್ಲೇನು?”

ಎಲ್ಲರೂ ಒಪ್ಪಿದರು. ಕಾಕಾನಿಗೆ ಏಳನೇ ನಂಬರು ಬಂತು, ಕೊನೆಯದು.

ಮರುದಿನ ಮಧ್ಯಾಹ್ನ ಮೂರರ ಮೇಲೆ, ಉಣ್ಣುವವರೆಲ್ಲ ಹೋದ ನಂತರ ಅವನು ಬಂದ. ಕೈಕಾಲು ಮುಖವೆಲ್ಲ ಕೆಂಪು ಪುಡಿ. ತೊಳೆದುಕೊಂಡು ಗೋಡೆಗೆ ಒರಗಿ ಕುಳಿತ.

“ಅಕ್ಕಾ, ರಾಣೆಬೆನ್ನೂರವರು ಕರದಾರ.”

“ಎಷ್ಟು ಕೊಡ್ತಾರಂತ?”

“ಕೇಳಿಲ್ಲ ನಾ. ಕೇಳಿದ್ರ ಮನಸ್ಸು ಆ ಕಡೆ ಹೋಗತೈತಿ.” ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. “ನಮ್ಮವರದು ಒಂದ ಚೀಟಿ ಬಂದ್ರ ಸಾಕು ನನಗ. ಹತ್ತು ರೂಪಾಯಿದ್ದರೂ ನಡೀತೈತಿ. ಹದಿಮೂರು ವರ್ಷ ಆತು, ನೀ ನಮಗ ಬೇಕು ಅಂತ ಯಾರೂ ಬಾಯಿ ಬಿಟ್ಟು ಅಂದಿಲ್ಲ. ಒಮ್ಮೆ ಅನಿಸ್ಕೊಂಡು, ಇಲ್ಲೇ ಆಡಿ ಮುಗಸ್ತೀನಿ.”

“ಒಂದಲ್ಲೋ ತಮ್ಮಾ, ಹತ್ತು ಬೀಳತಾವ ನಿನಗ.”

“ಯಾರ ಮುಂದೂ ಹೇಳಬ್ಯಾಡ ಮತ್ತ. ಹೇಳಿದ್ರ ಪಾಪ ಅಂತ ಬರೀತಾರ. ಅದು ನನಗ ಬ್ಯಾಡ.”

ನಾನು ಹೇಳಲಿಲ್ಲ. ಆ ಮಾತು ಉಳಿಸಿಕೊಂಡೆ.

ಇನ್ನು ನಾನು ಮಾಡಿದ ಕೆಲಸ ಕೇಳಿ. ಚೀಟಿ ಬರೆಯುವ ದಿನ ಬೆಳಿಗ್ಗೆ ಒಲೆಯ ಪಕ್ಕ ಕುಳಿತು ಪೆನ್ನು ಹಿಡಿದೆ. ಏಳು ಎಂದು ಬರೆಯಲೇ ಹೊರಟಿದ್ದೆ. ಆಗ ಮಾರುಕಟ್ಟೆಯ ಬುದ್ಧಿ ಅಡ್ಡ ಬಂತು. ಅಂಗಳಕ್ಕೆ ಒಂದು ಒಳ್ಳೆಯ ಲಾಟು ಬಂತು ಅಂತಿಟ್ಟುಕೊಳ್ಳಿ. ಬಣ್ಣ, ವಾಸನೆ, ಸುಕ್ಕು ಎಲ್ಲ ಸರಿ. ಸಣ್ಣ ಖರೀದಿದಾರ ಅದನ್ನು ಕೈಯಲ್ಲಿ ಹಿಡಿದು ಹೊಗಳುತ್ತಾನೆ, ಆದರೆ ಅದಕ್ಕೆ ಚೀಟಿ ಹಾಕುವುದಿಲ್ಲ. ದೊಡ್ಡವರು ಹಾಕೇ ಹಾಕುತ್ತಾರೆ, ಅವರ ಮುಂದೆ ತನ್ನದು ನಿಲ್ಲುವುದಿಲ್ಲ, ಚೀಟಿ ದಂಡ. ಅವನು ಎರಡನೇ ದರ್ಜೆಯ ಲಾಟಿನ ಕಡೆ ನಡೆಯುತ್ತಾನೆ. ಇದನ್ನು ನಾನು ದಿನಾ ಊಟ ಬಡಿಸುತ್ತಾ ಕೇಳಿಸಿಕೊಂಡಿದ್ದೇನೆ. ಕಾಕಾನಿಗೆ ಸಾವ್ಕಾರರು ಬರೆಯುತ್ತಾರೆ, ಪೀಟಿ ಸರ್ ಬರೆಯುತ್ತಾರೆ. ಅವರ ರೊಕ್ಕದ ಮುಂದೆ ನನ್ನ ರೊಟ್ಟಿಯ ಲೆಕ್ಕ ಯಾರಿಗೆ ಬೇಕು? ಪಾಪ, ಆ ಕಡ್ಡಿಗಾದರೂ ಒಂದು ಇರಲಿ.

ಮೂರನೇ ನಂಬರು ಎಂದು ಬರೆದೆ. ಮಡಚಿ ಡಬ್ಬಿಗೆ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೂ ಅನಿಸಿತು.

ಮಧ್ಯಾಹ್ನ ಎಲ್ಲರೂ ಸೇರಿದರು. ನಾನು ಪಲ್ಯದ ಹೆಸರು ಬರೆಯುವ ಕರಿಹಲಗೆಯನ್ನು ಒರೆಸಿಕೊಟ್ಟೆ, ಆಟೋದವನು ಅದರ ಮೇಲೆ ಒಂದರಿಂದ ಏಳರವರೆಗೆ ನಂಬರು ಬರೆದ. ಸಾವ್ಕಾರರು ಚೀಟಿ ತೆಗೆದುಕೊಡುವುದು, ಪೀಟಿ ಸರ್ ಗಟ್ಟಿಯಾಗಿ ಓದುವುದು, ಆಟೋದವನು ಗೆರೆ ಎಳೆಯುವುದು. ಆಟಗಾರರಲ್ಲಿ ಬಂದವನು ಕಾಕಾ ಒಬ್ಬನೇ. ಅವನ ಊಟದ ಹೊತ್ತೂ ಅದೇ ಆಗಿತ್ತು. ಮೂಲೆಯಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದ.

“ಒಂದನೇ ನಂಬರು.” ಒಂದು ಗೆರೆ.

“ಮೂರು.” ಮತ್ತೆ “ಮೂರು.”

“ಆರನೇ ನಂಬರು,” ಎಂದು ಓದಿ ಪೀಟಿ ಸರ್ ಆಟೋದವನನ್ನು ನೋಡಿದರು. ಆರನೆಯವನು ಅವನ ಅಕ್ಕನ ಮಗ. “ಇದು ಯಾರದು ಅಂತ ನಾ ಕೇಳಂಗಿಲ್ಲ ತಗೋ.”

ಎಲ್ಲರೂ ನಕ್ಕರು. ಮುಂದಿನ ಚೀಟಿ ಬಿಚ್ಚಿದರು. “ಮೂರನೇ ನಂಬರು. ಸೀಜನ್ ಮುಗಿಯೂತನಕಾ ಎರಡೂ ಹೊತ್ತಿನ ಊಟ.”

ಮತ್ತಷ್ಟು ನಗು. “ಗುಟ್ಟಿನ ಟೆಂಡರಂತ. ಊಟ ಅಂತ ಬರದ್ರ ಯಾರದಂತ ಗೊತ್ತಾಗಂಗಿಲ್ಲೇನು, ಅಕ್ಕಾ?” ಎಂದರು ಸಾವ್ಕಾರರು.

ನಾನೂ ನಕ್ಕೆ. ನಗುತ್ತಲೇ ಮೂಲೆಯ ಕಡೆ ನೋಡಿದೆ. ಕಾಕಾ ಕೂಡ ನಗುತ್ತಿದ್ದ, ಆದರೆ ಕೈ ರೊಟ್ಟಿಯ ಮೇಲೆ ನಿಂತಿತ್ತು. ಆಗಲೂ ನನಗೆ ಭಯವಾಗಲಿಲ್ಲ. ಇನ್ನೂ ಅರ್ಧ ಡಬ್ಬಿ ಇದೆಯಲ್ಲ.

ಹನ್ನೊಂದು ಚೀಟಿಯಾಯಿತು. ಹನ್ನೆರಡನೆಯದನ್ನು ಸಾವ್ಕಾರರು ತೆಗೆದುಕೊಟ್ಟರು. “ಎರಡನೇ ನಂಬರು,” ಎಂದರು ಪೀಟಿ ಸರ್, ಬಹಳ ಮೆಲ್ಲಗೆ. ಆಮೇಲೆ ಸಾವ್ಕಾರರು ಡಬ್ಬಿ ಬೋರಲು ಹಾಕಿ ತಟ್ಟಿದ್ದು.

ಹಲಗೆಯ ಮೇಲೆ ಒಂದನೆಯವನಿಗೆ ಮೂರು ಗೆರೆ, ಎರಡನೆಯವನಿಗೆ ಎರಡು, ಕಡ್ಡಿಗೆ ನಾಲ್ಕು. ಉಳಿದ ಮೂವರಿಗೆ ಒಂದೊಂದು. ಅವರಲ್ಲಿ ಹೊರಗೆ ಕೂರುವ ಆಟೋದವನ ಅಕ್ಕನ ಮಗನೂ ಒಬ್ಬ. ಏಳರ ಮುಂದೆ ಸುಣ್ಣದ ಚುಕ್ಕೆಯೂ ಇಲ್ಲ.

“ನೀವು ಹಾಕಿಲ್ಲೇನ್ರಿ ಸರ್?” ಎಂದರು ಸಾವ್ಕಾರರು.

“ನೀವು ದೊಡ್ಡದ ಬರೀತೀರಿ, ನನ್ನ ಪೆನ್ಷನ್ ರೊಕ್ಕ ಅದರ ಮುಂದ ಯಾಕಂತ ಬಿಟ್ಟೆ. ನೀವು?”

“ಎಲ್ಲಾರೂ ಅಂವಂಗ ಬರೀತಾರ, ನಾ ಬ್ಯಾರೇದವರನ ನೋಡೂಣು ಅಂತ…”

ಆಟೋದವನ ಕೈಯಲ್ಲಿ ಸೀಮೆಸುಣ್ಣ ಮುರಿದಿತ್ತು. ಹನ್ನೆರಡು ಜನ, ಎಲ್ಲರೂ ಮೂವತ್ತು ನಲವತ್ತು ವರ್ಷ ಮಾರುಕಟ್ಟೆಯ ಗಾಳಿ ಕುಡಿದವರು, ಎಲ್ಲರಿಗೂ ಒಂದೇ ಬುದ್ಧಿ ಬಂದಿತ್ತು. ಅವರಿಗಾದರೂ ಕಾಕಾನ ಮನಸ್ಸು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹತ್ತು ರೂಪಾಯಿಯಾದರೂ ನಡೆಯುತ್ತದೆ ಎಂದು ನನ್ನ ಎದುರೇ ಕುಳಿತು ಹೇಳಿದ್ದ.

ಸಾವ್ಕಾರರು ಜೇಬಿನಿಂದ ಪೆನ್ನು ತೆಗೆದರು. “ಕಾಕಾ, ತಪ್ಪಾತು. ಈಗ ಬರೀತೀನಿ ನೋಡು, ಎಲ್ಲಾರಕಿಂತ ದೊಡ್ಡದು.” ಪೀಟಿ ಸರ್ ಕೂಡ ಕಾಗದ ಹುಡುಕತೊಡಗಿದರು. ನಾನು ಏನು ಹೇಳಿದೆನೋ ನೆನಪಿಲ್ಲ, ಏನೋ ಹೇಳಿದೆ.

ಕಾಕಾ ಎದ್ದು ಕೈ ತೊಳೆದ. ಟವೆಲ್ಲಿಗೆ ಒಂದೊಂದೇ ಬೆರಳು ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಸಾವ್ಕಾರ್ರ, ಡಬ್ಬಿ ಬಿಚ್ಚಿದ ಮ್ಯಾಲೆ ಯಾರರ ಚೀಟಿ ಹಾಕತೇನಂತ ಬಂದ್ರ ನೀವು ತಗೋತಿದ್ರೇನು?”

ಸಾವ್ಕಾರರು ಪೆನ್ನಿಗೆ ಕ್ಯಾಪು ಹಾಕಿದರು. ಅವರ ಅಂಗಡಿಯಲ್ಲಿ ಹಾಗೆ ನಡೆದದ್ದೇ ಇಲ್ಲ, ಅದೇ ಅವರ ಹೆಮ್ಮೆ.

“ಚೀಟಿ ಬರದ ಮಾಲನ್ನ ರೈತ ಏನ್ ಮಾಡ್ತಾನ? ಚೀಲದ ಬಾಯಿ ಹೊಲಕೊಂಡು ಒಯ್ತಾನ. ಸಿಟ್ಟಾಗಬಾರ್ದು ಅಂತ ನೀವ ಹೇಳೀರಿ.” ಚಪ್ಪಲಿ ಮೆಟ್ಟಿಕೊಂಡು ಹೋದ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಆ ತಟ್ಟೆ ಎತ್ತಲು ನನಗೆ ಸಂಜೆಯಾಯಿತು.

ಆಮೇಲೆ ಮಾರುಕಟ್ಟೆಗೆ ದಿನಾ ಬರುತ್ತಿದ್ದ, ಖಾನಾವಳಿಗೆ ಬರಲಿಲ್ಲ. ಮನೆಯಿಂದ ಬುತ್ತಿ ತರುತ್ತಾನಂತೆ ಎಂದು ಆಟೋದವನು ಹೇಳಿದ. ರಾಣೆಬೆನ್ನೂರಿನ ಬನಿಯನ್ ಹಾಕಿಕೊಂಡ ಅವನ ಫೋಟೋ ನನ್ನ ಫೋನಿಗೂ ಬಂತು. ಕೆಳಗೆ ಕಾಮೆಂಟು ಹಾಕಿದವರು ನಮ್ಮ ಸಾವ್ಕಾರರನ್ನು ಬೈದಿದ್ದರು. ನನ್ನನ್ನು ಯಾರೂ ಬೈಯಲಿಲ್ಲ.

ಹಾವೇರಿಯ ಮೈದಾನದಲ್ಲಿ ನಮಗೂ ರಾಣೆಬೆನ್ನೂರಿಗೂ ಪಂದ್ಯ ಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ನಾವೆಲ್ಲ ಟೆಂಪೋದಲ್ಲಿ ಹೋಗಿದ್ದೆವು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಎರಡೂ ಕಡೆ ಸರಿಸಮ ಪಾಯಿಂಟು. ಕಡ್ಡಿ ರೈಡಿಗೆ ಹೋದ. ಒಬ್ಬನನ್ನು ಮುಟ್ಟಿಯೂ ಬಿಟ್ಟ. ತಿರುಗಿ ಓಡುವಾಗ ಮೂಲೆಯಿಂದ ಕಾಕಾ ಅವನ ಕಾಲಿಗೆ ಹಾರಿದ. ಚೀಲದ ಕಿವಿ ಹಿಡಿದ ಹಾಗೆ ಎಡಗಾಲಿನ ಹರಡು ಹಿಡಿದ. ಗೆರೆಗೆ ಒಂದು ಗೇಣು ಇರುವಾಗ ಕಡ್ಡಿ ಮಣ್ಣಿಗೆ ಬಿದ್ದ.

ನಮ್ಮ ಕಡೆಯವರೆಲ್ಲ ಚಪ್ಪಾಳೆ ತಟ್ಟಿಬಿಟ್ಟರು. ನಾನೂ ತಟ್ಟಿದೆ. ಹದಿಮೂರು ವರ್ಷದ ರೂಢಿ. ಎರಡು ಮೂರು ಸಲ ತಟ್ಟಿದ ಮೇಲೆ ಯಾರ ಪಾಯಿಂಟು ಅದು ಎಂದು ಗೊತ್ತಾಗಿ ಒಬ್ಬೊಬ್ಬರೇ ಕೈ ಕೆಳಗಿಳಿಸಿದರು. ಸೋತು ಬರುವಾಗ ಟೆಂಪೋದಲ್ಲಿ ಯಾರೂ ಯಾರ ಆಟದ ಬಗ್ಗೆಯೂ ಜಗಳಾಡಲಿಲ್ಲ.

ಸೋಮವಾರ ಮಧ್ಯಾಹ್ನ ಮೂರರ ಮೇಲೆ ಬಾಗಿಲಲ್ಲಿ ಕಾಕಾ ನಿಂತಿದ್ದ. ಮೈಯೆಲ್ಲ ಅದೇ ಕೆಂಪು ಪುಡಿ.

“ಏನ್ ಪಲ್ಯ ಮಾಡೀದಿ?”

“ಹೀರೀಕಾಯಿ, ಹೆಸರಕಾಳು.”

ಕುಳಿತ. ಬಡಿಸಿದೆ. ಒಂದು ತಿಂಗಳಿಂದ ಹೇಳಬೇಕೆಂದು ಕೂಡಿಟ್ಟ ಮಾತೆಲ್ಲ ಬಾಯಿಗೆ ಬಂತು. “ತಮ್ಮಾ, ಆವತ್ತ ನಾನು…”

“ಆ ಕಡ್ಡಿ ನಿನ್ನ ಕಡೆನ ಉಣತಾನಲ್ಲ, ಎರಡೂ ಹೊತ್ತು?” ಎಂದ ಅವನು, ತಟ್ಟೆ ನೋಡುತ್ತಲೇ. ಚುಚ್ಚಿ ಹೇಳುತ್ತಿದ್ದಾನೇನೋ ಎಂದು ಮುಖ ನೋಡಿದೆ. ಹಾಗಿರಲಿಲ್ಲ. “ತಿರುಗೂವಾಗ ಅಂವನ ಎಡಗಾಲು ಹಿಂದ ಉಳಿತೈತಿ. ಮೊದಲಿಂದನೂ ಹಂಗ. ಇಲ್ಲಿ ಪ್ರಾಕ್ಟೀಸಿನ್ಯಾಗ ನಾ ಅಷ್ಟ ನೋಡಿದ್ದೆ, ಹೊರಗಿನವರಿಗೆ ಗೊತ್ತಿರಲಿಲ್ಲ. ನಿನ್ನಿ ಎಲ್ಲಾರೂ ನೋಡ್ಯಾರ, ಇನ್ನ ಅದನ್ನ ಹಿಡೀತಾರ. ಹೇಳು ಅಂವಂಗ.”

“ನೀನ ಹೇಳಬಾರ್ದೇನು?”

“ನಾ ಈಗ ಆ ಊರಿನ ತಂಡದವ ಅಲ್ಲೇನು?” ಇನ್ನೊಂದು ರೊಟ್ಟಿಗೆ ಕೈ ಚಾಚಿದ. “ನಾ ಹೇಳೀನಿ ಅಂತ ಹೇಳಬ್ಯಾಡ ಮತ್ತ.”

ಅವನು ಯಾರ ಮುಂದೂ ಹೇಳಬೇಡ ಎಂದು ನನ್ನ ಕೈಗೆ ಕೊಟ್ಟ ಎರಡನೇ ಮಾತು ಅದು.

ಸಂಜೆ ಕಡ್ಡಿ ಊಟಕ್ಕೆ ಬಂದ. ಕೂದಲು ಹಿಕ್ಕಿಕೊಂಡು ಕುಳಿತ. ಎಡಗಾಲಿನ ವಿಷಯ ಹೇಳಿದೆ. ನನಗೆ ಕಬಡ್ಡಿಯ ಕಾಲು ಕೈ ಯಾವುದೂ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಅವನು ತನ್ನ ಹರಡಿನ ಮೇಲೆ ಕೈಯಿಟ್ಟುಕೊಂಡ. ಅಲ್ಲಿ ನಾಲ್ಕು ಬೆರಳಿನ ಗುರುತು ಇನ್ನೂ ನೀಲಿಯಾಗಿತ್ತು.

“ಕಾಕಾ ಹೇಳಿದ್ನೇನು, ಅಕ್ಕಾ?”

ನಾನು ಪಲ್ಯ ತರಲು ಒಳಗೆ ಹೋದೆ.