ಚಿನ್ನಮ್ಮ ಇಡಲಾರದ ಎಡೆ

ಬೈರಪ್ಪ ಬದುಕಿದ್ದರೆ ಅವನ ಕಿವಿ ಹಿಂಡಿ ಒಂದು ಮಾತು ಕೇಳುತ್ತಿದ್ದೆ. ಮನೆಯಲ್ಲಿ ಹೆಂಡತಿಯನ್ನೂ ಹೆತ್ತವಳನ್ನೂ ಕೂರಿಸಿ, ಕಾಣದ ದೇಶದ ಯಾವುದೋ ಗುಡ್ಡದ ಮೇಲೆ ಸಾರು ಚೆನ್ನಾಗಿ ಮಾಡುತ್ತಾರಂತೆ ಎಂದು ಸುರಿಯುವ ಮಳೆಯಲ್ಲಿ ಬಸ್ಸು ಹತ್ತುತ್ತಾರೇನೋ ಮುಟ್ಠಾಳ? ಆದರೆ ‘ಬದುಕಿದ್ದರೆ’ ಎನ್ನುವ ಮಾತನ್ನು ಅವನ ಹೆಂಡತಿ ಚಿನ್ನಮ್ಮನ ಮುಂದೆ ಯಾರೂ ಆಡುವ ಹಾಗಿರಲಿಲ್ಲ.

ಚಿನ್ನಮ್ಮ ನಮ್ಮ ಪಕ್ಕದ ಮನೆಯವಳು. ನಾನು ಮಮತಾ, ಅಂಗನವಾಡಿ ಟೀಚರಾಗಿದ್ದವಳು. ಮರಳವಾಡಿಯಿಂದ ಒಳಗಿರುವ ನಮ್ಮೂರಿಗೆ ಅವಳು ಮದುವೆಯಾಗಿ ಬಂದಾಗ ಮುದ್ದೆ ಕಟ್ಟಲೂ ಬರುತ್ತಿರಲಿಲ್ಲ. ಕಟ್ಟಿದರೆ ಬರೀ ಗಂಟು. ಗಂಡನೋ ಬಾಡೂಟದ ಅಡುಗೆಯವನು. ಕನಕಪುರದಿಂದ ಹಾರೋಹಳ್ಳಿವರೆಗೆ ಯಾರ ಮನೆಯ ಬೀಗರೂಟವಾದರೂ ಹಂಡೆಯ ಮುಂದೆ ನಿಲ್ಲುತ್ತಿದ್ದವನು ಅವನೇ. ಹೆಂಡತಿಯ ಗಂಟು ಮುದ್ದೆಯನ್ನು ಮಾತ್ರ ತೆಪ್ಪಗೆ ನುಂಗಿ, ಪಕ್ಕದಲ್ಲಿ ಕೂತು ಕೋಲು ಹಿಡಿದು ತಿರುವುವುದನ್ನು ಹೇಳಿಕೊಟ್ಟ. ಅಷ್ಟರಮಟ್ಟಿಗೆ ಒಳ್ಳೆಯವನೇ, ಅದನ್ನು ಇಲ್ಲವೆನ್ನಲಾರೆ.

ಬೆಂಗಳೂರಿನ ಯಾವುದೋ ಕಂಪನಿ ಮೆಕ್ಸಿಕೋದಲ್ಲಿ ಫ್ಯಾಕ್ಟರಿ ತೆರೆದಾಗ, ಇಲ್ಲಿಂದ ಹೋದ ಕೆಲಸಗಾರರ ಮೆಸ್ಸಿಗೆ ಅಡುಗೆಯವರು ಬೇಕಾದರು. ಚನ್ನಪಟ್ಟಣದ ಬಿರಿಯಾನಿ ಶುಕೂರ್ ಹೊರಟ. ಬೀಗರೂಟಗಳಲ್ಲಿ ಬೈರಪ್ಪನ ಜೊತೆ ಬೆಂದವನು ಅವನು, ಇವನನ್ನೂ ಎಳೆದುಕೊಂಡು ಹೋದ. ಪುಯೆಬ್ಲಾ ಎಂಬ ಊರಿನಲ್ಲಿ ಲೂಪೆ ಎಂಬ ವಿಧವೆಯ ಮನೆಯಲ್ಲಿ ಇಬ್ಬರಿಗೂ ಒಂದು ರೂಮು. ಬೈರಪ್ಪ ಅವಳನ್ನು ಲೂಪಮ್ಮ ಎನ್ನುತ್ತಿದ್ದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಹುಚ್ಚು. ರಜೆ ಸಿಕ್ಕರೆ ಸಾಕು, ಬಸ್ಸು ಹತ್ತಿ ಯಾವುದಾದರೂ ಊರಿಗೆ ಹೋಗಿ, ಸಂತೆಯಲ್ಲಿ ತಿಂದು, ಮಾಡಿದವಳ ಒಲೆ ಪಕ್ಕ ಕೂತು ಕಲಿತು ಬರುತ್ತಿದ್ದ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಚಿನ್ನಮ್ಮ ಜಗಲಿಯಲ್ಲಿ ಫೋನಿಟ್ಟು, ಅತ್ತೆಗೂ ನನಗೂ ಅವನ ಮಾತು ಕೇಳಿಸುತ್ತಿದ್ದಳು.

“ಲೇ ಚಿನ್ನೀ, ಇಲ್ಲಿ ಮುಸುಕಿನ ಜೋಳಾನ ಸುಣ್ಣ ಹಾಕಿ ಬೇಯಿಸ್ತಾರೆ ಕಣೇ! ಅವ್ವ ಎಲೆ ಅಡಿಕೆಗೆ ಹಚ್ಕೊತಳಲ್ಲ, ಅದೇ ಸುಣ್ಣ. ಆಮೇಲೆ ತೊಳ್ದು ರುಬ್ಬಿ ರೊಟ್ಟಿ ತಟ್ತಾರೆ. ಏನ್ ಮೆತ್ತಗೈತೆ ಅಂತೀಯಾ!”

ಇನ್ನೊಂದು ಸಲ ಯುಕಾತಾನ್ ಎಂಬ ಕಡೆಯಿಂದ: ಹಂದಿ ಬಾಡಿಗೆ ಹುಳಿ ಕಿತ್ತಳೆ ರಸ, ಕೆಂಪು ಬೀಜದ ಮಸಾಲೆ ಮೆತ್ತಿ, ಬಾಳೆಯೆಲೆಯಲ್ಲಿ ಸುತ್ತಿ, ಕೆಂಡದ ಗುಂಡಿಯಲ್ಲಿ ಹೂತು ಬೇಯಿಸುತ್ತಾರಂತೆ. ಮತ್ತೊಂದು ಸಲ ವಾಹಾಕ ಎಂಬ ಗುಡ್ಡಗಾಡಿನಿಂದ: “ಮೆಣಸಿನಕಾಯಿನ ಕರ್ರಗೆ ಸುಟ್ಟು, ಎಳ್ಳು, ಕಡ್ಲೆಕಾಯಿ, ಚಕ್ಕೆ, ಲವಂಗ ಎಲ್ಲಾ ಅರ್ದು, ಕೊನೇಗೆ ಚಾಕ್ಲೇಟ್ ಹಾಕ್ತಾರೆ ಕಣೇ, ಕೋಳಿ ಸಾರಿಗೆ!”

“ಥೂ, ಇವ್ನ ನಾಲ್ಗೆಗೇನ್ ಬಂತು,” ಎಂದು ಅವನ ತಾಯಿ ಚಿಕ್ಕಲಕ್ಷ್ಮಮ್ಮ ನಕ್ಕಿದ್ದೇ ನಕ್ಕಿದ್ದು.

ಎಲ್ಲಕ್ಕಿಂತ ಖುಷಿಯಿಂದ ಅವನು ಹೇಳಿದ್ದು ಎಡೆಯ ವಿಷಯ. “ಇಲ್ಲೂ ಎಡೆ ಇಡ್ತಾರೆ ಕಣೇ! ಸತ್ತೋರ್ ಫೋಟೋ, ಚೆಂಡುಹೂ, ಧೂಪ, ಅವ್ರಿಗೆ ಇಷ್ಟವಾದ ಊಟ, ಎಣ್ಣೆ, ಸಿಗರೇಟು, ಎಲ್ಲಾ ನಮ್ಮಂಗೇ. ನಮ್ಮಪ್ಪಂಗೂ ಒಂದು ಇಡ್ಸಿವ್ನಿ ಲೂಪಮ್ಮನ ಕೈಲಿ.”

ಮುಂದಿನ ಮಳೆಗಾಲದಲ್ಲಿ ಅದೇ ವಾಹಾಕದ ಗುಡ್ಡಗಳಿಗೆ ಮತ್ತೆ ಹೊರಟ. ಜ್ವರವೆಂದು ಶುಕೂರ್ ರೂಮಿನಲ್ಲೇ ಉಳಿದ. ರಸ್ತೆ ಕುಸಿದು ಬಸ್ಸು ಹೊಳೆಗೆ ಬಿತ್ತು. ಕೆಲವರ ಹೆಣ ಸಿಕ್ಕಿತು, ಕೆಲವರದು ಸಿಗಲಿಲ್ಲ. ಬೈರಪ್ಪನದು ಸಿಗಲಿಲ್ಲ.

ಹೆಣ ಬರಲಿಲ್ಲವಲ್ಲ, ಹಾಗಾಗಿ ಚಿನ್ನಮ್ಮ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಯಾರೋ ಊರಿಗೆ ಬರುವವರ ಕೈಯಲ್ಲಿ ಶುಕೂರ್ ಅವನ ಬ್ಯಾಗು ಕಳಿಸಿದ. ಅದರಲ್ಲಿ ಒಣಗಿದ ಕಪ್ಪು ಮೆಣಸಿನಕಾಯಿಯ ಪೊಟ್ಟಣವಿತ್ತು. ಚಿನ್ನಮ್ಮ ಬೀಜ ಬಿಡಿಸಿ ಹಿತ್ತಲಲ್ಲಿ ಹಾಕಿದಳು. ಗಿಡ ಬಂತು, ಕಾಯಿ ಬಿಟ್ಟಿತು. ಅದನ್ನು ಯಾರಿಗೂ ಕೊಡಲಿಲ್ಲ, ಅಡುಗೆಗೂ ಹಾಕಲಿಲ್ಲ. “ಅವ್ರು ಬಂದು ಮಾಡ್ತಾರೆ,” ಎಂದು ಒಣಗಿಸಿ ಡಬ್ಬಿಗೆ ತುಂಬಿಟ್ಟಳು.

ನಮ್ಮ ಕಡೆ ಮಾಲಯ ಅಮಾವಾಸ್ಯೆಗೆ ತೀರಿಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ದೀಪ ಹಚ್ಚಿ, ಹೊರಗೆ ಬಂದು ಕದ ಮುಂದಕ್ಕೆ ಎಳೆಯುತ್ತೇವೆ. ಅವರು ಬಂದು ಉಣ್ಣುವಾಗ ಒಳಗೆ ಯಾರೂ ಇರಬಾರದು. ಆಮೇಲೆ ಮನೆಯವರು ಕದ ತಟ್ಟಿ ತೆಗೆಯಬೇಕು, ನಮ್ಮ ಊಟ ಅದಾದ ಮೇಲೆಯೇ. ಬದುಕಿರುವವನಿಗೆ ಎಡೆ ಇಟ್ಟರೆ ಕೈಯಾರೆ ಕೊಂದ ಹಾಗೆ. ಅದಕ್ಕೇ ಪ್ರತಿ ವರ್ಷ ಮಾವನ ಎಲೆ ಹಾಕಿದ ಚಿನ್ನಮ್ಮ ಗಂಡನ ಎಲೆ ಹಾಕಲಿಲ್ಲ. ಊರಿನ ಹೆಂಗಸರು ಅಂದದ್ದು ಒಂದೆರಡಲ್ಲ. ಅಂದವರ ಬಾಯಿಗೆ ಮಣ್ಣು ಹಾಕ.

ಈ ವರ್ಷ ಪಿತೃಪಕ್ಷ ಶುರುವಾದಾಗ ಶುಕೂರ್ ಊರಿಗೆ ಮರಳಿ, ನೇರ ಇವರ ಜಗಲಿಗೆ ಬಂದು ಕೂತ. ಬಡವಾಗಿಹೋಗಿದ್ದ.

“ಅತ್ತಿಗೆ, ಕೋಪ ಮಾಡ್ಕೋಬ್ಯಾಡಿ,” ಎಂದು ಫೋನು ಕೊಟ್ಟ. ಅದರಲ್ಲೊಂದು ಫೋಟೋ. ರಾಶಿ ಚೆಂಡುಹೂವಿನ ನಡುವೆ ಬೈರಪ್ಪನ ನಗುಮುಖ, ಮುಂದೆ ದೀಪ, ಬಟ್ಟಲಲ್ಲಿ ಕಪ್ಪು ಸಾರು, ಪಕ್ಕದಲ್ಲಿ ಮುಸುಕಿನ ಜೋಳದ ಹಿಟ್ಟಿನದೊಂದು ಉಂಡೆ. “ಬೈರಣ್ಣ ಮುದ್ದೆ ಮಾಡೋದ್ನ ಆಯಮ್ಮಂಗೆ ಹೇಳ್ಕೊಟ್ಟಿದ್ರು. ಲೂಪಮ್ಮ ಪ್ರತಿ ವರ್ಷ ಇಡ್ತಾಳೆ ಅತ್ತಿಗೆ.”

ಚಿನ್ನಮ್ಮ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. “ಗಂಟು ಬಂದೈತೆ ಮುದ್ದೆ,” ಎಂದಳು. ಮರುಕ್ಷಣ ಕಿರುಚಿದಳು. “ಯಾವಳ್ಲಾ ಅವ್ಳು? ಬದುಕಿರೋ ನನ್ ಗಂಡಂಗೆ ಎಡೆ ಇಕ್ಕಕ್ಕೆ ಅವ್ಳ್ಯಾರು? ನೀನಾದ್ರೂ ಬ್ಯಾಡ ಅನ್ನಕ್ಕಾಗ್ಲಿಲ್ವಾ?” ಶುಕೂರ್ ತಲೆ ಎತ್ತಲಿಲ್ಲ, ಮಗುವಿನ ಹಾಗೆ ಅಳುತ್ತಿದ್ದ.

ಚಿಕ್ಕಲಕ್ಷ್ಮಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ. “ಏನೈತೆ ಅದ್ರಾಗೆ, ಹೇಳೇ ಮಮತಾ,” ಎಂದಳು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮುದುಕಿ ಸೊಸೆ ಇದ್ದ ಕಡೆಗೆ ಮುಖ ತಿರುಗಿಸಿದಳು.

“ಯಾವ್ ದೇಶದೋಳೋ, ಆಯಮ್ಮ ನನ್ ಮಗಂಗೆ ವರ್ಸ ವರ್ಸ ಉಣ್ಣಕ್ಕಿಕ್ತಾವ್ಳೆ. ಹೆತ್ತೋಳು ನಾನು ಒಂದ್ ತುತ್ತು ಇಕ್ಕಿಲ್ಲ. ಬದುಕಿದ್ರೆ ಬರ್ಲಿ ಕಣವ್ವಾ, ಬಂದು ನನ್ನ ಬಾಯಿಗ್ ಬಂದಂಗ್ ಬೈಲಿ. ಸತ್ತಿದ್ರೆ ನಮ್ ಬಾಗ್ಲಾಗೆ ಹಸ್ಕೊಂಡ್ ನಿಂತವ್ನಲ್ಲೇ ಚಿನ್ನಮ್ಮ.”

ಚಿನ್ನಮ್ಮ ಎದ್ದು ಕೊಟ್ಟಿಗೆಗೆ ಹೋದಳು.

ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಂತಳು. “ಮಮತಕ್ಕ, ಅಂಗ್ಡಿಯಿಂದ ಒಂದು ಚಾಕ್ಲೇಟ್ ತರ್ಸ್ಕೊಡ್ತೀಯಾ?” ಆಯ್ತು ಎಂದು ನಾನೇ ಚಪ್ಪಲಿ ಮೆಟ್ಟಿ ಹೊರಟೆ.

ಡಬ್ಬಿ ತೆಗೆದು ಮೆಣಸಿನಕಾಯನ್ನು ಕರ್ರಗೆ ಸುಟ್ಟಳು. ಬೀದಿ ತುಂಬ ಘಾಟು, ಎಲ್ಲರೂ ಕೆಮ್ಮಿದೆವು. ಅವನು ಫೋನಿನಲ್ಲಿ ಹೇಳಿದ್ದನ್ನು ನೆನೆಸಿಕೊಂಡು ಎಳ್ಳು, ಕಡಲೆಕಾಯಿ ಎಲ್ಲ ಹುರಿದು ಒರಳಲ್ಲೇ ಅರೆದು, ಕೋಳಿ ಸಾರು ಕುದಿಸಿ ಚಾಕ್ಲೇಟ್ ಹಾಕಿದಳು. ಮುಸುಕಿನ ಜೋಳಕ್ಕೆ ಸುಣ್ಣ ಹಾಕಿ ಬೇಯಿಸಿ ರೊಟ್ಟಿ ತಟ್ಟಿದಳು. ಕೊನೆಗೆ ರಾಗಿ ಮುದ್ದೆ ಕಟ್ಟಿದಳು, ಒಂದು ಗಂಟೂ ಇರಲಿಲ್ಲ. ಮಾವನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿ, ಎಲ್ಲ ಬಡಿಸಿ, ಗಂಡನ ಹೊಸ ಪಂಚೆ ಇಟ್ಟು, ದೀಪ ಹಚ್ಚಿ ಹೊರಗೆ ಬಂದು ಕದ ಎಳೆದಳು. ಅಷ್ಟು ಹೊತ್ತೂ ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

ಜಗಲಿಯಲ್ಲಿ ಕಾದೆವು, ಮುದುಕಿ, ಶುಕೂರ್, ನಾನು. ಚಿನ್ನಮ್ಮ ಕದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಆಚೀಚೆ ಮನೆಗಳಲ್ಲಿ ಕದ ತೆಗೆದು, ಉಂಡು, ಕೈ ತೊಳೆಯುವ ಸದ್ದೂ ಕೇಳಿತು.

“ಹೊತ್ತಾಯ್ತು, ಕದ ತಟ್ಟು ಮಗಾ,” ಎಂದಳು ಚಿಕ್ಕಲಕ್ಷ್ಮಮ್ಮ.

ಚಿನ್ನಮ್ಮ ಬಳೆಯ ಕೈಗಳನ್ನು ಮಡಿಲಲ್ಲಿ ಬಿಗಿ ಹಿಡಿದುಕೊಂಡಳು. ಅಷ್ಟು ವರ್ಷ “ಅವ್ರು ಬತ್ತಾರೆ” ಎನ್ನುತ್ತಿದ್ದವಳು ಮೊದಲ ಸಲ ಬೇರೆ ಮಾತಾಡಿದಳು.

“ಒಸಿ ತಡೀರಿ ಅತ್ತೆ. ಅವ್ರಿನ್ನೂ ಉಣ್ತಾವ್ರೆ.”

ಕತ್ತಲಾಗುವವರೆಗೂ ನಾವು ಯಾರೂ ಕದ ಮುಟ್ಟಲಿಲ್ಲ.