ಮನೆಯವರ ಇಷ್ಟ, ಹತ್ತಕ್ಕೆ ಎಷ್ಟು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗ ಆಗಲೇ ತೆರೆದಿದೆ. ಹೆಗಲಿಗೊಂದು ಒರೆಸುವ ಬಟ್ಟೆ ಹಾಕಿಕೊಂಡ ‘ಲ್ಯಾಬ್ ಅಕ್ಕ’ ಒಂದೊಂದೇ ಯಂತ್ರವನ್ನು ಎಬ್ಬಿಸುತ್ತಿದ್ದಾರೆ. ಕಿಟಕಿ ಪಕ್ಕದ್ದು ಜಪ್ಪಯ್ಯ ಅಂದರೂ ಏಳುವುದಿಲ್ಲ. "ಏಳಪ್ಪಾ ಮಹರಾಯ, ಇವತ್ತು ಕೊನೇ ದಿನ," ಎಂದು ಅದರ ನೆತ್ತಿಗೆ ಎರಡು ತಟ್ಟುತ್ತಾರೆ. ಪುಣ್ಯಕ್ಕೆ ಏಳುತ್ತದೆ.

ಡಿಗ್ರಿಗೆ ಯಾವ ವಿಷಯ ಎಂದು ತಲೆ ಕೆಡಿಸಿಕೊಂಡ ಮಕ್ಕಳಿಗಾಗಿ ಕಾಲೇಜು ಒಂದು ಸಾಫ್ಟ್‌ವೇರ್ ತರಿಸಿದೆ. ಆಸಕ್ತಿ, ಅಂಕ, ಕೆಲಸದ ಅವಕಾಶ, ಕೊನೆಗೆ ಮನೆಯವರ ಇಷ್ಟ. ಪ್ರತಿಯೊಂದಕ್ಕೂ ಪರದೆಯ ಮೇಲೊಂದು ಗೆರೆ. ಗೆರೆಯ ಮೇಲಿನ ಗುಂಡಿಯನ್ನು ಸೊನ್ನೆಯಿಂದ ಹತ್ತರವರೆಗೆ ಎಳೆಯಬಹುದು. ಎಳೆದಷ್ಟು ತೂಕ. ಆ ತೂಕದಂತೆ ವಿಷಯಗಳು ಸಾಲಾಗಿ ಬಂದು ನಿಲ್ಲುತ್ತವೆ. ಉದ್ಘಾಟನೆಯ ಫೋಟೊದಲ್ಲಿ ಎಲ್ಲರೂ ಇದ್ದಾರೆ, ದಿನಕ್ಕೆ ನಲವತ್ತು ಮಕ್ಕಳನ್ನು ಕೂರಿಸಿ ಹೇಳಿಕೊಡುವ ಈ ಸಹಾಯಕಿಯೊಬ್ಬರನ್ನು ಬಿಟ್ಟು!

"ಮೆಷಿನ್ ಸುಳ್ಳು ಹೇಳಲ್ಲ ಕಣ್ರೀ, ಮಕ್ಕಳು ಹೇಳ್ತವೆ. ಮನೆಯವರ ಇಷ್ಟ ಅಂತ ಕಂಡಿದ್ದೇ ತಡ, ಕಣ್ಣು ಮುಚ್ಚಿ ಹತ್ತಕ್ಕೆ ಎಳೀತವೆ," ಎಂದು ನಗುತ್ತಾರೆ.

ನಗುವಿನ ಹಿಂದೆ ಸಂಕಟವಿದೆ. ಗಿಡಮರಗಳ ಪಾಠವೆಂದರೆ ಪ್ರಾಣ ಬಿಡುತ್ತಿದ್ದ ಇವರು, ಅಪ್ಪನಿಗೆ ಇಷ್ಟವೆಂದು ಕಾಮರ್ಸ್ ಸೇರಿದವರು. "ಅಪ್ಪ ಬಾಯಿಬಿಟ್ಟು ಹೇಳಿರ್ಲೇ ಇಲ್ಲ. ನಾನೇ ಅಂದ್ಕೊಂಡೆ. ಮದುವೆ ಆದ್ಮೇಲೆ ಒಂದಿನ ಊಟಕ್ಕೆ ಕೂತಾಗ ಕೇಳಿದ್ರು, ‘ಗಿಡಗಳ ಪಾಠ ಯಾಕಮ್ಮ ಬಿಟ್ಟೆ?’ ಅಂತ. ಎದ್ದು ಅವರ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ."

ಅಷ್ಟರಲ್ಲಿ ಕಿಟಕಿ ಪಕ್ಕದ ಕಂಪ್ಯೂಟರಿಗೆ ಒಬ್ಬ ಹುಡುಗಿ ಬಂದು ಕೂರುತ್ತಾಳೆ. ಸಾಕಿ ಬೆಳೆಸಿದ ಚಿಕ್ಕಮ್ಮ ಬಾಗಿಲ ಹೊರಗಿದ್ದಾರೆ. ಸಂಜೆಯೊಳಗೆ ವಿಷಯ ಆರಿಸಿ ಒಪ್ಪಿಸಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಮನೆಯವರ ಇಷ್ಟ ಕಾನೂನು ಎಂದು ತುಂಬಿ ಆ ಗುಂಡಿಯನ್ನು ಹತ್ತಕ್ಕೆ ಎಳೆದಾಗ, ಪರದೆಯಲ್ಲಿ ಕಾನೂನು ಮೊದಲು ಬರುತ್ತದೆ. ಹುಡುಗಿಯ ಮುಖ ಸಪ್ಪಗಾಗುತ್ತದೆ. ಅಕ್ಕ ಅದೇ ಗುಂಡಿಯನ್ನು ಸೊನ್ನೆಗೆ ತಂದು ತೋರಿಸಿದರೆ ಭೂವಿಜ್ಞಾನ ಮೇಲೇರುತ್ತದೆ. ಹುಡುಗಿಯ ಕಣ್ಣರಳುತ್ತದೆ. ಮರುಕ್ಷಣ ಅವಳೇ ಗುಂಡಿಯನ್ನು ಮತ್ತೆ ಹತ್ತಕ್ಕೆ ತಳ್ಳುತ್ತಾಳೆ.

"ಬೇಡ ಅಕ್ಕ. ಚಿಕ್ಕಮ್ಮ ನೊಂದ್ಕೋತಾರೆ."

ಅಕ್ಕ ವಾದಕ್ಕಿಳಿಯುವುದಿಲ್ಲ. ತಮ್ಮ ಕುರ್ಚಿಯನ್ನೇ ದರದರ ಎಳೆದು ತಂದು, ಚಿಕ್ಕಮ್ಮನನ್ನು ಕರೆದು ಕೂರಿಸಿ, ಮೌಸನ್ನು ಅವರ ಕೈಗೆ ಕೊಡುತ್ತಾರೆ. "ನಿಮ್ಮ ಇಷ್ಟ ಎಷ್ಟು ಅಂತ ನೀವೇ ಎಳೀರಿ. ಅವಳ್ಯಾಕೆ ಊಹೆ ಮಾಡ್ಬೇಕು?"

"ಅಯ್ಯೋ, ಇದೇನೇ ಹತ್ತಕ್ಕಿದೆ! ಲಾಯರ್ ಆದ್ರೆ ಚೆನ್ನ ಅಂದಿದ್ದೆ, ಅಷ್ಟೇ. ನಾನೇನು ನಿನ್ನ ತಲೆ ಮೇಲೆ ಕೂತಿದ್ನಾ?" ಚಿಕ್ಕಮ್ಮನ ಕೈಯಲ್ಲಿ ಗುಂಡಿ ಹಿಂದೆ ಸರಿದು ನಾಲ್ಕಕ್ಕೆ ನಿಲ್ಲುತ್ತದೆ. ಭೂವಿಜ್ಞಾನ ಮತ್ತೆ ಮೊದಲಿಗೆ ಬರುತ್ತದೆ. "ಕಲ್ಲು ಮಣ್ಣು ನೋಡ್ಕೊಂಡಿದ್ರೆ ಹೊಟ್ಟೆ ತುಂಬುತ್ತೇನೇ?"

"ತುಂಬುತ್ತೆ ಚಿಕ್ಕಮ್ಮ."

"ಹಾಗಾದ್ರೆ ಒತ್ತು. ನನ್ನ ಮುಖ ಏನು ನೋಡ್ತೀಯ?"

ಹುಡುಗಿ ಭೂವಿಜ್ಞಾನದ ಮೇಲೆ ಒತ್ತುತ್ತಾಳೆ. ಅಕ್ಕ ಅತ್ತ ತಿರುಗಿ, ಒರೆಸಿದ್ದ ಮೇಜನ್ನೇ ಮತ್ತೆ ಒರೆಸುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದಾಗಲೂ ಅಕ್ಕ ನಿಂತೇ ಇದ್ದಾರೆ. ಕುರ್ಚಿಯಲ್ಲಿ ಚಿಕ್ಕಮ್ಮ ಕೂತಿದ್ದಾರಲ್ಲ. "ಒಂದೊಂದು ಕಂಪ್ಯೂಟರ್ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಟ್ರೆ ಸಾಕು," ಎನ್ನುತ್ತಾರೆ. "ಅಪ್ಪಂದಿರೆಲ್ಲ ಹೊರಗಡೆ ನಿಂತುಬಿಡ್ತಾರೆ ನೋಡಿ."